ಗುರುಸಂಗಪ್ಪನ ಮಾದರಿ ಗೊಬ್ಬರಗುಂಡಿ

ಜಕ್ಕಲಿಯ ಗುರುಸಂಗಪ್ಪನಿಗೆ ಇಪ್ಪತ್ತು ಎಕರೆ ಎರೆಹೊಲವಿತ್ತು, ಎರಡು ಜೊತೆ ಎತ್ತಿದ್ದವು. ಇಲ್ಲದ್ದೆಂದರೆ ಮೈ ಬಗ್ಗಿಸುವ ಬುದ್ಧಿ ಒಂದೇ. ಗೊಬ್ಬರದ ಗುಂಡಿ ತೋಡಿದವರಿಗೆ ಸರಕಾರ ಇಪ್ಪತ್ತು ರೂಪಾಯಿ ಸಹಾಯಧನ ಕೊಡುತ್ತದೆ ಎಂದು ಡಂಗುರ ಸಾರಿದ ದಿನ ಊರೆಲ್ಲ ಗುದ್ದಲಿ ಹುಡುಕಿದರೆ, ಇವನು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದ. ಮೂರು ಅಡಿ ಅಗೆಯಬೇಕಂತೆ. ಮೂರು ಅಡಿ ಎಂದರೆ ಸಣ್ಣ ಮಾತೇ? ಅಗೆಯದೆ ದುಡ್ಡು ಬರುವ ದಾರಿ ಹುಡುಕುವುದಲ್ಲವೇ ಜಾಣತನ!

ದಾರಿ ಮನೆಯ ಮುಂದೆಯೇ ಬಾಯಿ ತೆರೆದುಕೊಂಡಿತ್ತು. ಅದು ಹಗೇವು, ವರ್ಷವಿಡೀ ಜೋಳ ಹೂತಿಡಲು ಅವನ ಅಜ್ಜ ತೋಡಿಸಿದ ಎರಡಾಳು ಆಳದ ಗುಂಡಿ. ಹಳೆಯ ಜೋಳ ತೀರಿತ್ತು, ಹೊಸದು ಇನ್ನೂ ಕಣದಲ್ಲಿತ್ತು. ಹೆಂಡತಿ ಸಿದ್ದಲಿಂಗವ್ವ ಹಗೇವನ್ನು ಗುಡಿಸಿ, ಗಾಳಿಯಾಡಲೆಂದು ತೆರೆದಿಟ್ಟು, ತಳಕ್ಕೆ ಹಾಸಲು ಹೊಟ್ಟು ತರಲು ಹೋಗಿದ್ದಳು.

ಗ್ರಾಮಸೇವಕ ಕಾರವಾರದ ಕಡೆಯವನು. ಬಂದು ಎಂಟು ದಿನವಾಗಿತ್ತು, ಹಗೇವಿನ ಹೆಸರನ್ನೂ ಕೇಳಿದವನಲ್ಲ. ಗುರುಸಂಗಪ್ಪ ಗುಂಡಿ ತೋರಿಸಿದ. ಅವನು ಟೇಪು ಇಳಿಬಿಟ್ಟ. ಹನ್ನೆರಡು ಅಡಿ! ಇಂಥ ಕಷ್ಟಜೀವಿಯನ್ನು ತಾನು ಕಂಡೇ ಇಲ್ಲವೆಂದು ಅವನ ಕಣ್ಣು ತೇವವಾದವು. ಗುರುಸಂಗಪ್ಪನಿಗೂ ತನ್ನ ಮೇಲೆ ಗೌರವ ಹುಟ್ಟಿತು.

ಆದರೆ ಗೊಬ್ಬರ ಬೀಳದೆ ಹಣ ಮಂಜೂರಾಗುವುದಿಲ್ಲವಂತೆ. ರೋಣದಿಂದ ತಾಲೂಕಿನ ಸಾಹೇಬರು ಮಧ್ಯಾಹ್ನ ಬರುತ್ತಾರೆ, ಮೊದಲ ಬುಟ್ಟಿ ಅವರೇ ಹಾಕಲಿ ಎಂದ ಗ್ರಾಮಸೇವಕ. ಒಂದು ಬುಟ್ಟಿ ತಾನೇ, ಆಮೇಲೆ ಎತ್ತಿದರಾಯಿತು ಎಂದುಕೊಂಡ ಗುರುಸಂಗಪ್ಪ. ಸಾಹೇಬರು ಹಾಕಿದ್ದೇನೋ ಒಂದೇ. ಆದರೆ ಸಾಹೇಬರ ಕೈಯಿಂದ ಶುರುವಾದ ಕೆಲಸಕ್ಕೆ ಊರು ಸುಮ್ಮನಿರುತ್ತದೆಯೇ? ಮದುವೆಯ ಅಕ್ಷತೆಯಂತೆ ಮನೆಮನೆಯ ಬುಟ್ಟಿಗಳೂ ಬಿದ್ದವು. ಪಕ್ಕದ ಮನೆಯ ಮಾಳಪ್ಪನಂತೂ, ಎಲ್ಲ ಗೊತ್ತಿದ್ದೇ, ಎರಡು ಬಂಡಿ ಸಗಣಿ ಸುರಿದು ಕೈಮುಗಿದು ಹೋದ.

ಸಿದ್ದಲಿಂಗವ್ವ ಹೊಟ್ಟು ಹೊತ್ತು ಬಂದಾಗ ಹಗೇವು ಕುತ್ತಿಗೆಮಟ ತುಂಬಿತ್ತು. ಗಂಡನ ಕೈಯಲ್ಲಿ ಸಾಹೇಬರು ಕೊಟ್ಟುಹೋದ ಇಪ್ಪತ್ತು ರೂಪಾಯಿ ಇತ್ತು. ಅವಳು ಅದನ್ನು ಇಸಿದುಕೊಂಡು ಸಂಚಿಗೆ ಹಾಕಿಕೊಂಡಳು, ಬೈಯಲಿಲ್ಲ. ಅವನಿಗೆ ಹೆದರಿಕೆಯಾದದ್ದೇ ಅದಕ್ಕೆ.

ಸಗಣಿ ಬಿದ್ದ ಹಗೇವಿನಲ್ಲಿ ಇನ್ನು ಕಾಳು ಇಡುವಂತಿರಲಿಲ್ಲ. ಕಣದಿಂದ ಬಂದ ಮೂವತ್ತು ಚೀಲ ಜೋಳ ಪಡಸಾಲೆ ತುಂಬಿ, ಅಡುಗೆಮನೆ ತುಂಬಿ, ಕೊನೆಗೆ ಅವನ ಹೊರಸನ್ನೂ ಏರಿತು. ಗುರುಸಂಗಪ್ಪ ಎತ್ತುಗಳ ಪಕ್ಕ ಮಲಗಿದ. ನಾಲ್ಕು ದಿನ ಚಿಗಟಗಳ ಸೇವೆ ಮಾಡಿ, ಐದನೇ ದಿನ ತಾನೇ ಗುದ್ದಲಿ ಹಿಡಿದ. ಮೂರು ಅಡಿಗೆ ಹೇಸಿದವನು ಹೊಸ ಹಗೇವು ತೋಡಲು ಇಳಿದ.

ಹನ್ನೊಂದನೇ ಅಡಿಗೆ ಬಂದಿದ್ದಾಗ ಮೇಲಿನಿಂದ ಟೇಪು ಇಳಿಯಿತು. ಗ್ರಾಮಸೇವಕನ ಮುಖ ಕಂಡಿತು. ಇದಕ್ಕೂ ಸಹಾಯಧನ ಬರೆಯುತ್ತೇನೆ, ನಾಳೆಯೇ ಸಾಹೇಬರನ್ನು ಕರೆತರುತ್ತೇನೆ ಎಂದ. ಇನ್ನೂ ಇಪ್ಪತ್ತು! ಗುರುಸಂಗಪ್ಪನ ಬಾಯಿ ಹೂಂ ಎನ್ನಲು ತಾನಾಗಿ ತೆರೆಯಿತು. ಅಷ್ಟರಲ್ಲಿ ಅವನು ಹತ್ತಿ ಬರಬೇಕಾದ ಹಗ್ಗ ಸರಸರ ಮೇಲೆ ಹೋಯಿತು. ಸಿದ್ದಲಿಂಗವ್ವ ಅದನ್ನು ಮೊಳಕೈಗೆ ಸುತ್ತಿಕೊಳ್ಳುತ್ತ ಇಣುಕಿದಳು.

“ಅವರಿಗೇನ ಹೇಳೂದೈತಿ, ಅಲ್ಲಿಂದನ ಹೇಳ್ರಿ. ಹಗ್ಗ ಆಮ್ಯಾಲ ನೋಡೂಣು.”

ಗುರುಸಂಗಪ್ಪ ಸುತ್ತಲಿನ ಮಣ್ಣು ನೋಡಿದ, ಮೇಲಿನ ಹೆಂಡತಿಯನ್ನು ನೋಡಿದ.

“ಸಾಹೇಬ್ರ, ಇದು ಜ್ವಾಳಾ ಇಡೂ ಹಗೇವರಿ,” ಎಂದ. “ಮೊದಲ ತೋರಿಸಿದ್ದೂ ಹಗೇವನರಿ.”

ಗ್ರಾಮಸೇವಕನ ಟೇಪು ಕೈಜಾರಿ ಗುರುಸಂಗಪ್ಪನ ತಲೆಯ ಮೇಲೆಯೇ ಬಿತ್ತು. ಸಿದ್ದಲಿಂಗವ್ವ ಸಂಚಿ ಬಿಚ್ಚಿ ಸರಕಾರದ ಇಪ್ಪತ್ತು ರೂಪಾಯಿ ವಾಪಸು ಕೊಟ್ಟಳು. ಹಗ್ಗ ಮಾತ್ರ ಬಿಡಲಿಲ್ಲ.

“ಇನ್ನೊಂದ ಅಡಿ ಉಳದೈತಿ,” ಎಂದಳು. “ಮುಗಿಸೇ ಬರ್ರಿ.”