ಸೊಸೆಯ ಮಾತ್ರೆ

ಊರಿನ ಅರ್ಧ ಗಂಡಸರ ಸೊಂಟ, ತೊಡೆಗಳ ಅಳತೆ ಬಾಯಿಪಾಠವಿದ್ದ ಟೈಲರಿಗೆ ತನ್ನ ಸೊಂಟದ ಕೆಳಗಿನ ಸಂಗತಿ ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. ಉಚ್ಚೆ ಹೊಯ್ದರೆ ಉರಿ, ಹೊಲಿಗೆ ಯಂತ್ರದ ಮುಂದೆ ಕೂತರೆ ಕೆಂಡದ ಮೇಲೆ ಕೂತಂತೆ. ಮನೆಯಲ್ಲಿ ಬೆನ್ನುನೋವು ಎಂದ. ಪಾಪ, ಬೆನ್ನು ಯಾವ ಆರೋಪವನ್ನಾದರೂ ಹೊರುತ್ತದೆ.

ಜ್ವರ ಏರಿ ಹಲ್ಲು ಕಟಕಟಿಸಿದಾಗ ಸೊಸೆ ಅವನ ಮಾತಿಗೆ ಸೊಪ್ಪು ಹಾಕದೆ ಆಸ್ಪತ್ರೆಗೆ ಕರೆತಂದಳು. ಮಗ ಕೆಲಸದ ಮೇಲೆ ಪರಊರಿಗೆ ಹೋಗಿದ್ದ.

ಡಾಕ್ಟರು ಮೊಮ್ಮಗಳ ವಯಸ್ಸಿನ ಹುಡುಗಿ. ಪರದೆ ಎಳೆದು ಪರೀಕ್ಷೆ ಮಾಡುವಾಗ ಅವನು ಗೋಡೆಗೆ ಮುಖ ಮಾಡಿ, ಭೂಮಿ ಬಾಯ್ಬಿಟ್ಟು ನುಂಗಬಾರದೇ ಎಂದುಕೊಂಡ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೂ ಬಾಕಿಯಿತ್ತು.

ಆಕೆ ಸೊಸೆಯನ್ನೂ ಒಳಗೆ ಕರೆದಳು. "ಪ್ರಾಸ್ಟೇಟ್ ಗ್ರಂಥಿಗೆ ಸೋಂಕಾಗಿದೆ, ಜೋರಾಗೇ ಇದೆ. ಟೆಸ್ಟ್ ರಿಪೋರ್ಟ್ ಬರೋತನಕ ಕಾಯೋಕಾಗಲ್ಲ, ಈಗಲೇ ಇಂಜೆಕ್ಷನ್ ಶುರು ಮಾಡಬೇಕು. ಯಜಮಾನ್ರೇ, ಮೊದಲೇ ಏನಾದ್ರೂ ಮಾತ್ರೆ ತಗೊಂಡಿದ್ರಾ?"

"ಇಲ್ಲಮ್ಮ."

"ಯೋಚನೆ ಮಾಡಿ ಹೇಳಿ. ಯಾವ ಔಷಧಿ ಆರಿಸಬೇಕು ಅನ್ನೋದಕ್ಕೆ ಅದು ಗೊತ್ತಾಗಬೇಕು. ತಪ್ಪಾಗಿ ಆರಿಸಿದ್ರೆ ಸೋಂಕು ರಕ್ತಕ್ಕೆ ಸೇರುತ್ತೆ, ಜೀವಕ್ಕೇ ಅಪಾಯ."

ಸೊಸೆ ಅವನ ಹೊದಿಕೆ ಸರಿಮಾಡುತ್ತಿದ್ದಳು. ಅವಳು ಒಂದು ಗಳಿಗೆ ಹೊರಗೆ ಹೋಗಿದ್ದರೆ ಹೇಳಿಬಿಡುತ್ತಿದ್ದ.

"ಹೇಳಿ ಮಾವ, ಪರವಾಗಿಲ್ಲ," ಎಂದಳು ಅವಳು.

ಆ ಮೆತ್ತನೆಯ ಮಾತಿಗೆ ಅವನು ಹಿಡಿಯಾಗಿಹೋದ.

"ತಗೊಂಡೆ. ಇವಳದ್ದು. ಇವಳಿಗೂ ಉರಿ ಅಂತ ಕೊಟ್ಟಿದ್ರಲ್ಲ, ಅದೇ ಮಾತ್ರೆ. ಎರಡೂ ಒಂದೇ ಕಾಯಿಲೆ ಅಂದ್ಕೊಂಡು ಬೀರುವಿನಿಂದ... ಕೇಳ್ದೆ ತಗೊಂಡೆ."

ಹೊದಿಕೆಯ ಮೇಲಿನ ಕೈ ನಿಂತಿತು. ಸೊಸೆ ಅವನ ಕಡೆ ನೋಡದೆ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಹೇಳಿದಳು.

"ಅದು ಮೂತ್ರಕೋಶಕ್ಕೆ ಸರಿ. ಈ ಗ್ರಂಥಿ ಒಳಗೆ ಹೋಗಿ ಕೆಲಸ ಮಾಡಲ್ಲ, ಅದಕ್ಕೇ ಕಾಯಿಲೆ ಒಳಗೊಳಗೇ ಬೆಳೀತು. ಹೇಳಿದ್ದು ಒಳ್ಳೇದಾಯ್ತು, ಬೇರೆ ಕೊಡ್ತೀನಿ. ಆಮೇಲೆ ವಾರಗಟ್ಟಲೆ ಮಾತ್ರೆ ನುಂಗಬೇಕು, ಒಂದೂ ತಪ್ಪಿಸೋ ಹಾಗಿಲ್ಲ."

ನರ್ಸ್ ಬಂದು ಡ್ರಿಪ್ ಹಾಕಿದಳು. ಈ ವಯಸ್ಸಿನಲ್ಲಿ ಸೊಸೆಯ ಬೀರುವಿಗೆ ಕೈಹಾಕಿದ ಕಳ್ಳ ಎನಿಸಿಕೊಂಡೆನಲ್ಲ ಎಂದು ಟೈಲರ್ ಕುಗ್ಗಿಹೋದ. ಬೈದರೆ ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ, ಗಂಡನಿಗೆ ಫೋನ್ ಮಾಡಿದಳು. ಔಷಧಿ ಶುರುವಾಗಿದೆ, ಗಾಬರಿಯಾಗಬೇಡಿ ಎಂದಳೇ ಹೊರತು ಕದ್ದ ಮಾತ್ರೆಯ ಸುದ್ದಿ ಎತ್ತಲಿಲ್ಲ.

ಮಗನ ದನಿ ಹಾಸಿಗೆಯವರೆಗೂ ಕೇಳುತ್ತಿತ್ತು. "ಅಪ್ಪನಿಗಾದ್ರೂ ಮಾತ್ರೆ ಪೂರ್ತಿ ಕೊಡು. ನಿನ್ನ ಮಾತ್ರೆ ನೀನೇ ಎಲ್ಲೋ ಕಳ್ಕೊಂಡು ಮತ್ತೆ ನರಳಿದ್ಯಲ್ಲ, ಹಾಗೆ ಮಾಡಬೇಡ. ಅವತ್ತು ಅಷ್ಟು ಬೈದ್ರೂ ಬುದ್ಧಿ ಬಂತೋ ಇಲ್ವೋ."

"ಹೂಂ," ಎಂದಳು ಸೊಸೆ.

ಆ ಬೈಗುಳ ನಡೆದಾಗ ಟೈಲರ್ ಪಕ್ಕದಲ್ಲೇ ಕೂತು, ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದ.

"ಫೋನ್ ಇಲ್ಲಿ ಕೊಡಮ್ಮ," ಎಂದು ಡ್ರಿಪ್ ಚುಚ್ಚಿದ ಕೈಯನ್ನೇ ಚಾಚಿದ.