ಅಕ್ಷಯಾ ಮುಖ ತಿರುಗಿಸಿದಾಗ

ಹೇಗೆ ಶುರುಮಾಡಲಿ? 'ತಾಯಿಗೆ ಮಗುವಿನ ಭಾಷೆ ಹೆರಿಗೆಯ ಜೊತೆಗೇ ಬಂದುಬಿಡುತ್ತದೆ' ಎಂದು ಗಂಭೀರವಾಗಿ ಬರೆದೆ. ಕ್ಯಾಲಿಫೋರ್ನಿಯಾದ ಡಬ್ಲಿನ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದ ನನ್ನ ಕಥಾನಾಯಕಿ ನಿಶ್ಮಿತಾ ಓದಿ ನಕ್ಕಳು.

"ನಂಗೆ ಬಂದಿರ್ಲಿಲ್ಲ. ಡಿಲೀಟ್ ಮಾಡಿ."

ಮಾಡಿದೆ. (ಒಳ್ಳೆಯ ವಾಕ್ಯವಾಗಿತ್ತು.)

೧. ಅವಳ ಮಗಳು ಅಕ್ಷಯಾಗೆ ನಾಲ್ಕು ತಿಂಗಳು. ಹೆರಿಗೆ ಲೀವು ಮುಗಿಯಲು ಎರಡೇ ವಾರ. ನಿಶ್ಮಿತಾ ಮುಖಕ್ಕೆ ಮುಖ ತಂದು ಆಡಿಸಿದರೆ ಮಗು ತುಸು ಹೊತ್ತು ನಕ್ಕು ಗೋಡೆಯತ್ತ ತಿರುಗುತ್ತಿತ್ತು. ಇವಳು ಗಿಲಕಿ ಹಿಡಿದು ಆ ಕಡೆ ಹೋಗುವಳು. ಮಗು ಈ ಕಡೆ. ಇವಳೂ ಈ ಕಡೆ, ಹಾಡಿನ ಸಮೇತ. ಕೊನೆಗೆ ಮಗು ಕಿರುಚುತ್ತಿತ್ತು.

"ಅವಳಿಗೆ ನಾನು ಬೇಡ, ಅಮಿತ್," ಎಂದಳು ಗಂಡನಿಗೆ.

"ಓವರ್‌ಥಿಂಕ್ ಮಾಡ್ತಿದ್ದೀಯ." (ಅವನಿಗೆ ಇನ್ನೂ ಜಾಣ ಮಾತು ಕೊಡಬಹುದಿತ್ತು. ಮೀಟಿಂಗಿನಲ್ಲಿದ್ದ.)

ಬಾಣಂತನಕ್ಕೆ ಉಡುಪಿಯಿಂದ ಬಂದಿದ್ದ ಅವಳ ತಾಯಿ ರತ್ನಾವತಿ ಮಾತ್ರ, "ಅದಕ್ಕೆ ಉಸಿರು ತೆಗೀಲಿಕ್ಕಾದ್ರೂ ಬಿಡು ಮಾರಾಯ್ತಿ," ಎಂದರು. ನಿಶ್ಮಿತಾ ಕಿವಿಗೆ ಹಾಕಿಕೊಳ್ಳಲಿಲ್ಲ.

೨. ಇಲ್ಲೊಂದು ದೊಡ್ಡ ಘಟನೆ ಬೇಕೆಂದು ಭೂಕಂಪ ತಂದೆ. "ಬೇ ಏರಿಯಾ ಅಂದ ಕೂಡ್ಲೆ ಭೂಕಂಪವಾ?" ಎಂದು ರತ್ನಾವತಿಯೇ ಬೈದರು. ಆ ಪುಟವೂ ಹೋಯಿತು.

ನಿಜಕ್ಕೂ ನಡೆದದ್ದಿಷ್ಟು. ನಿಶ್ಮಿತಾ ಬುದ್ಧಿಹಲ್ಲು ಕೀಳಿಸಿಕೊಂಡಳು. (ಆಮೇಲೆ ಬುದ್ಧಿ ಬಂತು ಎಂದು ಬರೆಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.) ಮಧ್ಯಾಹ್ನ ಮನೆಗೆ ಬಂದಾಗ ಬಾಯಲ್ಲಿ ಹತ್ತಿ, ಅರ್ಧ ಮುಖ ಮರಗಟ್ಟಿತ್ತು. ಹಾಡುವಂತಿಲ್ಲ. ಮಗುವಿನೆದುರು ಸುಮ್ಮನೆ ಕೂತಳು. ಮಗು ನಕ್ಕಿತು, ಗೋಡೆಯತ್ತ ತಿರುಗಿತು. ನಿಶ್ಮಿತಾಳ ಕಣ್ಣು ತುಂಬಿಕೊಂಡಿತು. ಬೆನ್ನಟ್ಟುವ ಶಕ್ತಿ ಇರಲಿಲ್ಲ. ಮಗು ಬೆರಳು ಚೀಪುತ್ತಾ ಕರ್ಟನ್ ನೋಡಿತು. ಆಮೇಲೆ ಯಾರೂ ಕರೆಯದೆ ತಾನಾಗಿ ಇತ್ತ ತಿರುಗಿ, ಅಮ್ಮನ ಕಣ್ಣು ಹುಡುಕಿ, "ಅಗ್ಗೂ" ಎಂದಿತು.

"ಅಮ್ಮಾ," ಹತ್ತಿಯೊಳಗಿಂದ ನಿಶ್ಮಿತಾ ತೊದಲಿದಳು, "ಇವ್ಲು ತದಿ ಅಂತಿದ್ಲು, ಸ್ವಲ್ಪ ತದಿ ಅಂತ!" ('ತಡಿ' ಎಂದು ಓದಿಕೊಳ್ಳಿ.)

"ನೀನೂ ಹೀಗೆಯೇ ಇದ್ದದ್ದು," ಎಂದರು ರತ್ನಾವತಿ. "ನಂಗೆ ಗೊತ್ತಾಗ್ಲಿಕ್ಕೆ ಆರು ತಿಂಗಳು ಹಿಡಿದಿತ್ತು."

೩. ಮುಕ್ತಾಯಗಳು. ಒಂದರಲ್ಲಿ ನಿಶ್ಮಿತಾ ಕೆಲಸ ಬಿಡುತ್ತಾಳೆ. ("ಯಾಕೆ?" ಎಂದಳು.) ಇನ್ನೊಂದರಲ್ಲಿ ಡೇಕೇರಿನವರಿಗೆ ಚೀಟಿ ಬರೆದುಕೊಡುತ್ತಾಳೆ: ಮುಖ ತಿರುಗಿಸಿದರೆ ದಯವಿಟ್ಟು ಕಾಯಿರಿ. ಇದು ಅವಳಿಗೆ ಹಿಡಿಸಿತು. ಆದರೆ ಡೇಕೇರು ಇನ್ನೂ ಶುರುವಾಗಿಲ್ಲ, ನಾನು ಹೇಗೆ ಮುಗಿಸಲಿ?

ಇವತ್ತು ಬೆಳಿಗ್ಗೆ ಬಾವು ಇಳಿದಿದೆ, ಹಾಡಲು ಅಡ್ಡಿಯಿಲ್ಲ. ಅಕ್ಷಯಾ ಮತ್ತೆ ಗೋಡೆಯತ್ತ ತಿರುಗಿದ್ದಾಳೆ.

"ಎಷ್ಟು ಹೊತ್ತು ಕಾಯೋದು?" ಎಂದು ನಿಶ್ಮಿತಾ ನನ್ನನ್ನೇ ಕೇಳಿದಳು.

ಲೇಖಕನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡೆ.

"ಶ್!" ಎಂದಳು, ಮಗುವಿನಿಂದ ಕಣ್ಣು ಕೀಳದೆ. "ನೀವೂ ಸುಮ್ನಿರಿ."