ಬಸಮ್ಮನ ಪಾಲಿನ ಹೆಸರು

ಸುವರ್ಣಮ್ಮನ ಸಿಟ್ಟು ತಿಂಗಳಾದರೂ ಆರಿರಲಿಲ್ಲ. ಆರುವಂಥ ಸಿಟ್ಟೂ ಅಲ್ಲ ಅದು.

ಕಾಮಗೆರೆಯಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಹಾಡಲು ಕೂರುತ್ತಿದ್ದವರು ಮೂವರು ಗೆಳತಿಯರು: ಸುವರ್ಣಮ್ಮ, ರಾಮಮ್ಮ, ದೊಡ್ಡಬಸಮ್ಮ. ನಾಟಿ ಗದ್ದೆಯಲ್ಲಿ ಒಟ್ಟಿಗೆ ಬಗ್ಗಿ ಕಲಿತ ಹಾಡುಗಳು. ಹಾಡಲು ಕೂತರೆ ಮಂಡಿನೋವು, ಸೊಸೆಯಂದಿರ ಮೇಲಿನ ಮುನಿಸು ಎಲ್ಲ ಮರೆತುಹೋಗಿ ಮೂವರ ಉಸಿರೂ ಒಂದಾಗುತ್ತಿತ್ತು. ಗುಡಿಯಲ್ಲಿ ಕೈ ಮುಗಿದಾಗಲೂ ಅಷ್ಟು ನೆಮ್ಮದಿ ತನಗೆ ಸಿಕ್ಕಿಲ್ಲ ಎಂದು ಸುವರ್ಣಮ್ಮ ಪೂಜಾರಿಯ ಮುಂದೆಯೇ ಹೇಳುತ್ತಿದ್ದಳು.

ಹೋದ ವರ್ಷ ಬಸಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ಹೇಗೋ ಸರಿಹೋದವು, ಮಾತು ಮಾತ್ರ ನಿಂತುಹೋಯಿತು. ನೀರು ಬೇಕಾದರೂ ಚೊಂಬು ತೋರಿಸಬೇಕು. ತಾನೇ ಎತ್ತಿ ಆಡಿಸಿದ ಮೊಮ್ಮಗಳು ಭವ್ಯಶ್ರೀಯನ್ನು ಹೆಸರು ಹಿಡಿದು ಕರೆಯಲು ಹೋಗಿ, ಬಾರದೆ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನೋಡಲು ಬಂದ ಗೆಳತಿಯರಿಬ್ಬರು, ಬೇಸರ ಕಳೆಯಲೆಂದು, ಹೆಣ್ಣನ್ನು ಹಸೆಗೆ ಕರೆಯುವ ಹಾಡು ಎತ್ತಿಕೊಂಡರು. ಅದರಲ್ಲಿ ಮದುವಣಗಿತ್ತಿಯ ಹೆಸರು ಸೇರಿಸುವುದು ವಾಡಿಕೆ. ಹೆಸರು ಹಾಡುವುದು ಯಾವತ್ತೂ ಬಸಮ್ಮನ ಪಾಲು. ಅಭ್ಯಾಸ ನೋಡಿ, ಇಬ್ಬರೂ ಆ ಜಾಗಕ್ಕೆ ಬಂದು ನಿಲ್ಲಿಸಿಬಿಟ್ಟರು.

"ಭವ್ಯಶ್ರೀ" ಎಂದು ಬಸಮ್ಮ ರಾಗ ತಪ್ಪದೆ ಹಾಡಿದಳು.

ರಾಮಮ್ಮ ಗಳಗಳ ಅತ್ತಳು. ಇನ್ನೊಮ್ಮೆ ಹಾಡಿದರು, ಇನ್ನೊಮ್ಮೆಯೂ ಬಂತು. ಹಾಡು ನಿಂತರೆ ಮಾತೂ ಇಲ್ಲ. ಯಾರಿಗೂ ಹೇಳಬೇಡಿ ಎಂದು ಬಸಮ್ಮ ತುಟಿಗೆ ಬೆರಳಿಟ್ಟು, ಕೊರಳಿಗೆ ತಾಳಿ ಕಟ್ಟುವಂತೆ ಕೈಸನ್ನೆ ಮಾಡಿದಳು. ಭವ್ಯಶ್ರೀಯ ಮದುವೆ ಗೊತ್ತಾಗಿತ್ತು; ಕೂಸು ಹಸೆಯ ಮೇಲೆ ಕೂತೇ ಕೇಳಲಿ ಎಂಬುದು ಅವಳ ಆಸೆ.

ಮದುವೆ ಕೊಳ್ಳೇಗಾಲದ ಛತ್ರದಲ್ಲಿ. ಮೂವರೂ ಆರತಿ ತಟ್ಟೆ ಇಟ್ಟುಕೊಂಡು ಕೂತಿದ್ದಾರೆ. ಹನೂರಿನಿಂದ ಬಂದಿದ್ದ ವಿಡಿಯೋ ನಟರಾಜು ಕ್ಯಾಮೆರಾ ಹೊತ್ತು ಓಡಿಬಂದ.

"ಅಜ್ಜಮ್ಮಾರೆ, ಸುಮ್ನೆ ಬಾಯಾಡ್ಸಿ ಸಾಕು. ಸಾಂಗು ನಾವ್ ಆಕ್ಕತೀವಿ."

"ಬಾಯಾಡ್ಸಕೆ ನಾವೇನ್ ಎಮ್ಮೆಗಳ? ಮೆಲುಕಾಕ್ತ ಕೂತ್ಕಳಕೆ?" ಎಂದಳು ಸುವರ್ಣಮ್ಮ.

ಅವನು ನಗುತ್ತಲೇ ಕೈ ಎತ್ತಿದ. ಆಳೆತ್ತರದ ಸೌಂಡ್ ಬಾಕ್ಸು ಧಡ್ ಧಡ್ ಎಂದು ಶುರುವಾಯಿತು. ಸುವರ್ಣಮ್ಮ ಎದ್ದುಹೋಗಿ ಬಸಮ್ಮನ ಮಗ ಶಿವಕುಮಾರಸ್ವಾಮಿಯ ತೋಳು ಹಿಡಿದಳು.

"ಲೇ ಶಿವಕುಮಾರ, ನಿಲ್ಸ್ಲಾ ಅದ! ಹಾಡೇಳ್ದಾಗ ನಿಮ್ಮವ್ವಂಗೆ ಬಾಯಿ ಬತ್ತದೆ ಕಣ್ಲಾ!"

"ಅವ್ವಂಗೆ ಮಾತೆಲ್ ಬತ್ತದೆ? ಸುಮ್ಕಿರು ಚಿಕ್ಕವ್ವ, ಬೀಗ್ರು ನೋಡ್ತಾವ್ರೆ."

ಬೀಗರು ನೋಡುತ್ತಿದ್ದಾರಂತೆ! ಹೆತ್ತವ್ವನನ್ನು ಒಂದು ಗಳಿಗೆ ತಿರುಗಿ ನೋಡಲು ಇವನಿಗೆ ಪುರುಸೊತ್ತಿಲ್ಲ. ಸುವರ್ಣಮ್ಮ ಹಲ್ಲು ಕಚ್ಚಿಕೊಂಡು ವಾಪಸ್ಸು ಬಂದು ಕೂತಳು. ಮೂವರೂ ತಲೆಗೆ ತಲೆ ತಾಗಿಸಿ ಹಾಡಿಯೇ ಹಾಡಿದರು. ಹೆಸರಿನ ಜಾಗಕ್ಕೆ ಬಂದಾಗ ಬಸಮ್ಮನ ಕತ್ತಿನ ನರ ಉಬ್ಬಿತು. ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಸುವರ್ಣಮ್ಮನಿಗೇ ಏನೂ ಕೇಳಲಿಲ್ಲ. ಬಾಕ್ಸಿನ ಪಕ್ಕದಲ್ಲಿದ್ದ ಭವ್ಯಶ್ರೀಗೆ ಕೇಳುವುದೆಲ್ಲಿ ಬಂತು? ಅವಳು ಕ್ಯಾಮೆರಾ ನೋಡಿ ನಗುತ್ತಿದ್ದಳು. ಬಸಮ್ಮ ಅವಳನ್ನೇ ನೋಡಿ, ಆಮೇಲೆ ತಲೆ ತಗ್ಗಿಸಿದಳು.

ಭವ್ಯಶ್ರೀ ಯಳಂದೂರಿಗೆ, ಗಂಡನ ಮನೆಗೆ ಹೋದಳು. ಅವಳು ಮತ್ತೆ ತವರಿಗೆ ಬಂದದ್ದು ಅಜ್ಜಿಯ ಮಣ್ಣಿಗೇ.

ಮದುವೆಯ ವಿಡಿಯೋ ಬಂದದ್ದು ಮದುವೆಯಾದ ತಿಂಗಳಿಗೆ, ಬಸಮ್ಮನ ತಿಥಿಯ ಶಿವಗಣಾರಾಧನೆಯ ದಿನ. ಊಟ ಮುಗಿದ ಮೇಲೆ ಶಿವಕುಮಾರಸ್ವಾಮಿ ಟಿವಿಗೆ ಹಾಕಿದ. "ನೋಡಿ, ಅವ್ವ ಎಷ್ಟ್ ಚೆಂದಾಗಿ ಬಂದವ್ಳೆ" ಎಂದು ಕಣ್ಣೊರೆಸಿಕೊಂಡ. ಬಸಮ್ಮನ ಮುಖ ಟಿವಿ ತುಂಬ ಇತ್ತು. ಬಾಯಿ ಆಡುತ್ತಿತ್ತು. ಬರುತ್ತಿದ್ದುದು ಡ್ರಮ್ಮಿನ ಸದ್ದು. ಸುವರ್ಣಮ್ಮನಿಗೆ ಮೈಯೆಲ್ಲ ಉರಿಯಿತು.

"ಅಜ್ಜಿ ಇಲ್ಲಿ ಏನೋ ಅಂತಾವ್ಳಲ್ಲ?" ಎಂದಳು ಭವ್ಯಶ್ರೀ. ಮತ್ತೆ ಹಿಂದಕ್ಕೆ ಹಾಕಿ ಸೌಂಡು ಜಾಸ್ತಿ ಮಾಡಿದಳು. ಡ್ರಮ್ಮೇ ಜಾಸ್ತಿಯಾಯಿತು.

"ಎಷ್ಟ್ ಜೋರ್ ಮಾಡುದ್ರೂ ಸಿಕ್ಕಕಿಲ್ಲ ಕಣವ್ವ," ಸುವರ್ಣಮ್ಮ ಎದ್ದು ನಿಂತಳು. "ಅದು ನಿನ್ ಹೆಸ್ರು. ವರ್ಸೊಪ್ಪತ್ತು ಬಾಯಿಲ್ದೋಳು ಎದೇಲಿದ್ದ ಉಸುರ್ನೆಲ್ಲ ಕೂಡಾಕಿ ನಿನ್ನ ಕೂಗವ್ಳೆ. ನಿಮ್ಮಪ್ಪ ಡಬ್ಬ ಬಡ್ಸಿ ಮುಚ್ಚಾಕ್ದ!"

ಶಿವಕುಮಾರಸ್ವಾಮಿ ಗೋಡೆಗೆ ಒರಗಿದ.

"ಆ ದರಿದ್ರದ ಸೌಂಡ್ ಪೂರ್ತಿ ನಿಲ್ಸವ್ವ. ಮೊದ್ಲಿಂದ ಆಕು. ಬಾ ರಾಮಿ, ಕೂತ್ಕ."

ಸದ್ದಿಲ್ಲದ ಟಿವಿಯಲ್ಲಿ ಬಸಮ್ಮನ ತುಟಿ ಆಡತೊಡಗಿತು. ಇಬ್ಬರು ಗೆಳತಿಯರೂ ಆ ತುಟಿಯನ್ನೇ ನೋಡುತ್ತ, ಅವಳ ಉಸಿರಿಗೆ ತಮ್ಮ ಉಸಿರು ಸೇರಿಸಿ ಹಾಡಿದರು. ಹೆಸರಿನ ಜಾಗ ಬಂತು. ಇಬ್ಬರೂ ನಿಲ್ಲಿಸಿದರು. ಅದು ಬಸಮ್ಮನ ಪಾಲು.

ತುಟಿ ಅಲುಗಿತು.

"ಓ ಅಜ್ಜಿ" ಎಂದಳು ಭವ್ಯಶ್ರೀ, ಕರೆದವರಿಗೆ ಓಗೊಡುವಂತೆ.